ಏದುಸಿರಿನ ಹರಟೆ

ಚಾಮುಂಡಿಬೆಟ್ಟದ ಏರನ್ನು ಅಳೆಯಲು ಓಟಗಾರರ ಬಳಿ ಎರಡು ಸಾಧನಗಳಿವೆ. ಒಂದು ಕೈಗೆ ಕಟ್ಟಿದ ವಾಚು, ಇನ್ನೊಂದು ಬಾಯಿ. ವಾಚು ಸುಳ್ಳು ಹೇಳಿದರೂ ಹೇಳೀತು, ಬಾಯಿ ಹೇಳದು. ಆಡುತ್ತಿದ್ದ ವಾಕ್ಯ ಎಲ್ಲಿ ತುಂಡಾಯಿತೋ ಅಲ್ಲಿಂದ ಬೆಟ್ಟ ಶುರು.

ಭಾನುವಾರ, ಬೆಳಗಿನ ಐದೂವರೆ. ದಸರಾ ಮುಗಿದು, ಬೆಟ್ಟದ ತೇರೂ ಆಗಿ, ಮೈಸೂರಿಗೆ ಕಾರ್ತಿಕದ ಚಳಿ ಇಳಿದಿದೆ. ತಾವರೆಕಟ್ಟೆಯ ಬೀದಿದೀಪದ ಕೆಳಗೆ ಸ್ಕೂಟರುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಹೆಲ್ಮೆಟ್ಟು ತೆಗೆದರೆ ಉಣ್ಣೆ ಟೋಪಿ, ಟೋಪಿ ತೆಗೆದರೆ ಗಣಿತದ ಮೇಷ್ಟ್ರು. ನಿವೃತ್ತರಾಗಿ ವರ್ಷಗಳೇ ಕಳೆದರೂ ಹಾಜರಿ ತೆಗೆದುಕೊಳ್ಳುವ ಅಭ್ಯಾಸ ಹೋಗಿಲ್ಲ. ಬ್ಯಾಂಕಿನ ಮೇಡಂ ಬಂದಿದ್ದಾರೆ. ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯವರು ಬಂದಿದ್ದಾರೆ. ಮೂಳೆ ಡಾಕ್ಟರು ರಸ್ತೆಬದಿಯ ಕಲ್ಲಿಗೆ ಪಾದ ಒತ್ತಿ ಮೀನಖಂಡ ಸಡಿಲಿಸಿಕೊಳ್ಳುತ್ತಿದ್ದಾರೆ. ಎಂಜಿನಿಯರಿಂಗ್ ಓದುವ ಹುಡುಗರಿಬ್ಬರು ಮಾತ್ರ ಎಂದಿನಂತೆ ಕೊನೆಗೆ, ಒಂದೇ ಬೈಕಿನಲ್ಲಿ.

"ಏನ್ರಪ್ಪಾ, ಬೆಟ್ಟ ಎಲ್ಲಿಗೂ ಹೋಗಲ್ಲ ಅಂತ ಧೈರ್ಯಾನಾ?"

"ಸಾರಿ ಸಾರ್, ಅಲಾರಂ ಹೊಡ್ಕೊಳ್ಲಿಲ್ಲ."

"ನಂದೂ ಹೊಡ್ಕೊಳ್ಳಲ್ಲ ಕಣಯ್ಯಾ. ಅದಕ್ಕೆ ಮುಂಚೇನೇ ಎದ್ದಿರ್ತೀನಿ."

ಮಾತು ಧಾರಾಳವಾಗಿ ಸಿಗುವ ಹೊತ್ತು ಇದು. ಒಬ್ಬರಿಗೆ ಮಗಳ ಮದುವೆಗೆ ಛತ್ರ ಸಿಕ್ಕಿಲ್ಲ, ಇನ್ನೊಬ್ಬರಿಗೆ ವರ್ಗಾವಣೆಯ ಭಯ. ಹುಡುಗರ ಹೊಸ ಶೂಗಳ ಬೆಲೆ ಕೇಳಿದ ಅಂಗಡಿಯವರು, "ಆ ದುಡ್ಡಿಗೆ ಒಳ್ಳೇ ರೇಷ್ಮೆ ಸೀರೆ ಬರುತ್ತಲ್ಲೋ!" ಎಂದು ಕಣ್ಣರಳಿಸುತ್ತಾರೆ. ಅದೇ ಗದ್ದಲದಲ್ಲಿ ಯಾರೋ ಒಂದು ಹೆಜ್ಜೆ ಕಿತ್ತಿಡುತ್ತಾರೆ, ಉಳಿದವರು ಹಿಂದೆಯೇ ಹೊರಡುತ್ತಾರೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ 1,060ರ ಆಸುಪಾಸು. ಐದು ಕಿಲೋಮೀಟರಿನಷ್ಟು ರಸ್ತೆ ಈ ಎತ್ತರವನ್ನು ತಿರುವುಗಳಾಗಿ ಹಂಚಿಕೊಂಡಿದೆ. ನೂರು ಮೀಟರು ಓಡಿದರೆ ಐದಾರು ಮೀಟರು ಮೇಲೆ. ಕಾರಿನಲ್ಲಿ ಕೂತವರಿಗೆ ಇದು ಏರೇ ಅಲ್ಲ. ಕಾಲಿಗೆ ಮಾತ್ರ ಲೆಕ್ಕ ಬೇರೆ. ಇಷ್ಟು ಏರಿನಲ್ಲಿ ಅದೇ ವೇಗ ಇಟ್ಟುಕೊಳ್ಳಬೇಕಾದರೆ ಸಮತಟ್ಟು ನೆಲಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಶಕ್ತಿ ಸುಡಬೇಕು. ದೇಹ ಆ ಸಾಲವನ್ನು ಮೊದಲು ವಸೂಲಿ ಮಾಡುವುದು ಉಸಿರಿನಿಂದ, ಉಸಿರು ಮಾತಿನಿಂದ.

ಇಕ್ಕೆಲದ ಕುರುಚಲು ಕಾಡು ಇನ್ನೂ ಕತ್ತಲೆಯೇ. ಚಿರತೆ ಓಡಾಡುವ ಜಾಗವಾದ್ದರಿಂದ ಈ ಹೊತ್ತಿನಲ್ಲಿ ಯಾರೂ ಒಂಟಿಯಾಗಿ ಹೊರಡುವುದಿಲ್ಲ. ಗುಂಪು ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಎಲ್ಲೋ ನವಿಲು ಕೂಗುತ್ತದೆ. ಕುಟ್ರುಹಕ್ಕಿ ಒಂದೇ ಶ್ರುತಿಯಲ್ಲಿ ಶುರುಹಚ್ಚಿಕೊಳ್ಳುತ್ತದೆ. ಒಣಗಿದ ಹುಲ್ಲಿನ ಮೇಲೆ ಇಬ್ಬನಿ ಕೂತು ಗಾಳಿಯಲ್ಲಿ ಹಸಿ ವಾಸನೆ. ಮೊದಲ ತಿರುವಿನಲ್ಲಿ ಬ್ಯಾಂಕಿನ ಮೇಡಂ ತಮ್ಮ ವರ್ಗಾವಣೆಯ ಕತೆ ಎತ್ತಿಕೊಂಡಿದ್ದರು.

"ಹೆಡ್ ಆಫೀಸಿನವರು ಏನಂದ್ರು ಅಂದ್ರೆ..."

ಎರಡನೇ ತಿರುವು ಬಂತು, ಹೋಯಿತು. ಮೂರನೆಯದೂ ದಾಟಿತು. ಹೆಡ್ ಆಫೀಸಿನವರು ಏನಂದರೆಂದು ಕೇಳಲು ಅಂಗಡಿಯವರಿಗೆ ಕುತೂಹಲವಿದೆ, ಉಸಿರಿಲ್ಲ. ಹೇಳಲು ಮೇಡಂಗೂ ಇಲ್ಲ. ನಾಲ್ಕನೆಯ ತಿರುವಿನ ಸಮೀಪ ರಸ್ತೆ ಕೊಂಚ ಸಡಿಲವಾದಾಗ ಉತ್ತರ ಬರುತ್ತದೆ: "...ಆಗಲ್ಲ ಅಂದ್ರು."

ಈಗಾಗಲೇ ಗುಂಪು, ದಾರ ಸಡಿಲಾದ ಮಲ್ಲಿಗೆ ಮಾಲೆಯಿಂದ ಹೂ ಜಾರಿದಂತೆ, ಒಬ್ಬೊಬ್ಬರಾಗಿ ಬಿಡಿಬಿಡಿಯಾಗಿದೆ. ಹುಡುಗರು ಕಣ್ಣಿಗೆ ಕಾಣದಷ್ಟು ಮುಂದೆ. ಡಾಕ್ಟರು ತಮ್ಮ ಲಯದಲ್ಲಿ, ಮೊಣಕಾಲಿಗೆ ತಾವೇ ಬರೆದುಕೊಟ್ಟ ಚೀಟಿಯ ಪ್ರಕಾರ, ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತಿದ್ದಾರೆ. ಮೇಷ್ಟ್ರು ಹಿಂದಿನಿಂದ ಕೂಗುತ್ತಾರೆ: "ಮಾತು ನಿಂತ್ರೆ ಓಟ ನಿಧಾನ ಮಾಡಿ!" ಗುಂಪಿನ ಮೊದಲ ನಿಯಮ ಅದು. ದಾರಿಯುದ್ದಕ್ಕೂ ಒಂದಿಷ್ಟಾದರೂ ಮಾತಾಡುವಂತಿರಬೇಕು. ಪೂರಾ ಮೌನವಾದರೆ ವೇಗ ಅತಿಯಾಗಿದೆ.

ಈ ನಿಯಮ ಮೈಸೂರಿನಲ್ಲಿ ಹುಟ್ಟಿದ್ದಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ ತನ್ನ ನೆರೆಹೊರೆಯ ಹುಡುಗರನ್ನು ಭಾನುವಾರಗಳಂದು ವೈಟಾಕೆರೆ ಬೆಟ್ಟಸಾಲಿನ ವೈಯಟರುವಾ ಸುತ್ತಿಗೆ ಕರೆದೊಯ್ಯುತ್ತಿದ್ದ. 22 ಮೈಲಿ, ಎಂದರೆ ಸುಮಾರು 35 ಕಿಲೋಮೀಟರು, ಏರುಪೇರಿನ ದಾರಿ. ಮಾತಾಡಿಕೊಂಡು ಓಡುವಷ್ಟು ವೇಗ ಸಾಕು ಎಂಬುದು ಅವನ ಪಾಠ. ಕೇವಲ 800 ಮೀಟರ್ ಓಟಗಾರನಾದ ಪೀಟರ್ ಸ್ನೆಲ್ ಕೂಡ ಆ ಸುತ್ತಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಫಲ ಕಂಡದ್ದು 1960ರ ರೋಮ್ ಒಲಿಂಪಿಕ್ಸಿನಲ್ಲಿ. ಸೆಪ್ಟೆಂಬರ್ 2ರಂದು ಸ್ನೆಲ್ 800 ಮೀಟರಿನಲ್ಲಿ, ಅದೇ ಗುಂಪಿನ ಮರ್ರೆ ಹ್ಯಾಲ್ಬರ್ಗ್ 5,000 ಮೀಟರಿನಲ್ಲಿ ಚಿನ್ನ ಗೆದ್ದರು. ಮ್ಯಾರಥಾನಿನಲ್ಲಿ ಬ್ಯಾರಿ ಮಗೀ ಕಂಚು ತಂದ. ಒಂದೇ ಊರಿನ ಭಾನುವಾರದ ಗೆಳೆಯರಿಗೆ ಮೂರು ಪದಕ. ಮೇಷ್ಟ್ರು ಇದನ್ನು ಹೇಳುವುದು ಯಾವಾಗಲೂ ಕೆಳಗೆ, ಹೊರಡುವ ಮುಂಚೆ. ಏರಿನ ನಡುವೆ ಹೇಳಲು ಕತೆ ತುಸು ಉದ್ದ.

ಅರ್ಧ ದಾರಿ ದಾಟಿದ ಮೇಲೆ ವ್ಯೂ ಪಾಯಿಂಟ್. ಪೂರ್ವಕ್ಕೆ ಬೆಳಕು ಹರಿದು, ಊರು ಕೆಳಗೆ ಒಂದೊಂದಾಗಿ ಗುರುತು ಸಿಗುತ್ತದೆ. ರೇಸ್‌ಕೋರ್ಸಿನ ಹಸಿರು ಸುತ್ತು, ಆಚೆ ಕಾರಂಜಿಕೆರೆಯ ನೀರು, ಅರಮನೆಯ ಗುಂಬಜುಗಳು, ಇನ್ನೂ ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಅವಳಿ ಶಿಖರ. ಬಲಕ್ಕೆ, 1921ರಲ್ಲಿ ಅಡಿಗಲ್ಲು ಬಿದ್ದ ಲಲಿತಮಹಲ್, ಮಂಜಿನಲ್ಲಿ ಅರ್ಧ ಮುಳುಗಿದ ಬಿಳುಪು. ನಿಂತು ನೋಡುವಂತಿದೆ. ನಿಂತರೆ ಕಾಲು ಬಿಗಿಯುತ್ತದೆಂದು ಯಾರೂ ನಿಲ್ಲುವುದಿಲ್ಲ. ಅಂಗಡಿಯವರು ಮಾತ್ರ ನಿಲ್ಲುತ್ತಾರೆ. "ಶೂ ದಾರ ಬಿಚ್ಕೊಂಡಿದೆ" ಎನ್ನುವುದು ಅವರ ಖಾಯಂ ಕಾರಣ.

ಮೇಲಿನ ತಿರುವುಗಳಲ್ಲಿ ಮಾತು ಒಂದೊಂದೇ ಪದಕ್ಕೆ ಇಳಿಯುತ್ತದೆ. "ನೀರು?" "ಹೂಂ." "ಹೋಗೋಣ?" "ಹೂಂ." ನಂದಿಯ ಕಡೆಗೆ ಹೋಗುವ ದಾರಿ ಪಕ್ಕಕ್ಕೆ ಒಡೆದುಕೊಳ್ಳುತ್ತದೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಆ ಬಸವ ಸಾವಿರ ಮೆಟ್ಟಿಲಿನ ದಾರಿಯಲ್ಲಿ ಹತ್ತುವವರಿಗೆ ಏಳುನೂರರ ಆಸುಪಾಸಿನಲ್ಲಿ ಸಿಗುತ್ತಾನೆ. ರಸ್ತೆಯಲ್ಲಿ ಓಡುವವರು ಅವನಿರುವ ದಿಕ್ಕಿಗೆ ಓಡುತ್ತಲೇ ಒಂದು ಕೈ ಎದೆಗೆ ಮುಟ್ಟಿಸಿ ಮುಂದೆ ಸಾಗುತ್ತಾರೆ. ಅಷ್ಟರಲ್ಲಿ ಎದುರಿನಿಂದ ಹುಡುಗರು ಇಳಿದು ಬರುತ್ತಾರೆ. ತುದಿ ಮುಟ್ಟಿದ್ದಾರೆ, ತಿರುಗಿದ್ದಾರೆ. ಗುಂಪಿನ ಎರಡನೇ ನಿಯಮ ಇದು. ಮೊದಲು ಮುಟ್ಟಿದವರು ಮೇಲೆ ಕೂರುವಂತಿಲ್ಲ. ಇಳಿದು ಬಂದು, ಕೊನೆಯವರನ್ನು ಕೂಡಿಕೊಂಡು ಮತ್ತೊಮ್ಮೆ ಹತ್ತಬೇಕು. ಕಾಲಿನಲ್ಲಿ ಶಕ್ತಿ ಇರುವವರಿಗೆ ಇನ್ನೊಂದಿಷ್ಟು ಏರು, ಇಲ್ಲದವರಿಗೆ ಜೊತೆ.

"ಬನ್ನಿ ಅಂಕಲ್, ಇನ್ನೊಂದೇ ತಿರುವು."

ಇನ್ನೂ ಮೂರಿವೆ. ಹೇಳುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ಆ ಸುಳ್ಳಿಗೆ ಎರಡು ತಿರುವಿನಷ್ಟು ಬಲವಿದೆ.

ಬೆಟ್ಟದ ಮೇಲೆ ಆಗಲೇ ಊರೆದ್ದಿದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನ ಮುಂದೆ ಪ್ರವಾಸಿಗಳು ಫೋಟೋಕ್ಕೆ ನಿಂತಿದ್ದಾರೆ. 201 ನಂಬರಿನ ಸಿಟಿ ಬಸ್ಸು ಬಂದು ಭಕ್ತರನ್ನು ಇಳಿಸುತ್ತದೆ. ಹೂವಿನವರು ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಏಳಂತಸ್ತಿನ ಗೋಪುರದ ತುದಿಗೆ ಮೊದಲ ಬಿಸಿಲು ತಾಗಿದೆ. ಮೆಟ್ಟಿಲಿನ ಕಡೆಯಿಂದ ಹರಕೆ ಹೊತ್ತ ಹೆಂಗಸರು ಬರುತ್ತಿದ್ದಾರೆ. ಕೆಳಗಿನಿಂದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಂದ ಬೆರಳುಗಳು ಕೆಂಪೇರಿವೆ. ಅವರೂ ಏದುಸಿರು ಬಿಡುತ್ತಿದ್ದಾರೆ, ಓಟಗಾರರೂ ಬಿಡುತ್ತಿದ್ದಾರೆ. ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. "ನಿಮಗ್ಯಾಕಪ್ಪಾ ಈ ಕಷ್ಟ, ನಿಮ್ಮದೇನು ಹರಕೆ?" ಎಂದು ಒಬ್ಬ ಅಜ್ಜಿ ಕೇಳಿದರೆ, "ಹಾಫ್ ಮ್ಯಾರಥಾನು ಕಣಜ್ಜಿ" ಎಂದು ಹುಡುಗನ ಉತ್ತರ. ಅಜ್ಜಿ ತಾಯಿ ಚಾಮುಂಡಿಯ ಕಡೆಗೊಮ್ಮೆ ಕೈ ಮುಗಿದು, "ಒಳ್ಳೇದಾಗ್ಲಿ" ಎನ್ನುತ್ತಾರೆ.

ಇಳಿಜಾರಿನಲ್ಲಿ ಉಸಿರು ಹಗುರಾಗುತ್ತದೆ, ಬಿಟ್ಟುಹೋಗಿದ್ದ ಮಾತೆಲ್ಲ ಒಟ್ಟಿಗೇ ಮರಳುತ್ತದೆ. ಹೆಡ್ ಆಫೀಸಿನ ಕತೆ ಮೊದಲಿನಿಂದ ಶುರುವಾಗುತ್ತದೆ. ಆದರೆ ಅಸಲು ಪೆಟ್ಟು ಬೀಳುವುದು ಇಲ್ಲೇ ಎಂದು ಡಾಕ್ಟರು ಎಚ್ಚರಿಸುತ್ತಾರೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕು. ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳು ಬೀಳುವುದು ಆಗ. ನೋವು ಅಂದೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಬೆಟ್ಟ ಇಳಿದದ್ದು ಕಾಲಿಗೆ ನೆನಪಾಗುವುದು ಮಂಗಳವಾರ, ಆಫೀಸಿನ ಮೆಟ್ಟಿಲ ಮೇಲೆ. ಒಂದು ಸಲ ಹೀಗೆ ನೊಂದ ಸ್ನಾಯು ಮುಂದಿನ ಇಳಿತಕ್ಕೆ ಅಷ್ಟು ನೋಯುವುದಿಲ್ಲ ಎನ್ನುವುದೇ ಸಮಾಧಾನ. "ಚಿಕ್ಕ ಹೆಜ್ಜೆ, ಹಿಮ್ಮಡಿ ಬಡೀಬೇಡಿ" ಎಂದು ಡಾಕ್ಟರು ಕೂಗುವಷ್ಟರಲ್ಲಿ ಹುಡುಗರು ಕೆಳಗಿನ ತಿರುವಿನಲ್ಲಿರುತ್ತಾರೆ.

ಎಂಟು ಗಂಟೆಗೆ ನಜರ್‌ಬಾದಿನ ಮೈಲಾರಿ ಹೋಟೆಲು. ಬೆಣ್ಣೆ ಹಾಕಿದ ಮೆತ್ತನೆಯ ದೋಸೆ, ಮಡಿಕೆಯೊಳಗೆ ಸಾಗು, ಪಕ್ಕಕ್ಕೆ ಕಾಯಿ ಚಟ್ನಿ. ಬೆವರು ಆರಿ ಬನಿಯನ್ನಿನ ಮೇಲೆ ಉಪ್ಪಿನ ಗೆರೆ ಮೂಡಿದೆ. ಹುಡುಗರು ತಮ್ಮ ಲೆಕ್ಕ ಒಪ್ಪಿಸುತ್ತಾರೆ: ಏರು 28 ನಿಮಿಷ, ಸರಾಸರಿ ಪೇಸ್ ಇಷ್ಟು, ಎದೆಬಡಿತ ಅಷ್ಟು. ಅರ್ಧ ನಿಮಿಷದಲ್ಲಿ ಅವರ ವರದಿ ಮುಗಿಯಿತು.

ಅಂಗಡಿಯವರ ವರದಿ ಮೊದಲ ದೋಸೆಯಲ್ಲಿ ಶುರುವಾಗಿ ಮೂರನೆಯದಕ್ಕೂ ಮುಗಿದಿಲ್ಲ. ರಸ್ತೆಗೆ ಅಡ್ಡಲಾಗಿ ಹಾರಿದ ನವಿಲು, ಬಾಲ ನೆಲಕ್ಕೆ ತಾಗುವಷ್ಟು ಕೆಳಗೆ. ಗೋಡೆಯ ಮೇಲೆ ಕೂತು ಮರಿಯ ತಲೆ ನೋಡುತ್ತಿದ್ದ ಕೋತಿ. ವಾಯವ್ಯಕ್ಕೆ, ಮಂಜು ಹರಿದ ಒಂದು ಗಳಿಗೆ, ಮಿಂಚಿದ ಕನ್ನಂಬಾಡಿಯ ಹಿನ್ನೀರು.

"ಅಲ್ಲಾ ಅಂಕಲ್, ಅದೇ ರಸ್ತೇಲಿ ನಾವು ಎರಡು ಸಲ ಹತ್ತಿದ್ವಿ. ನಮಗ್ಯಾಕೆ ಏನೂ ಕಾಣ್ಲಿಲ್ಲ?"

"ಮೊದಲನೇ ಸಲ ನೀವು ವಾಚು ನೋಡ್ತಿದ್ರಿ."

"ಎರಡನೇ ಸಲ ನಿಮ್ ಜೊತೇನೇ ಇದ್ವಲ್ಲ?"

"ತೋರಿಸೋಣ ಅಂತಾನೇ ಇದ್ದೆ ಕಣ್ರೋ. ಬಾಯಿ ತೆರೆಯೋಕೆ ಉಸಿರೆಲ್ಲಿತ್ತು? ಅದಕ್ಕೇ ಈಗ ಹೇಳ್ತಿರೋದು. ಇನ್ನೊಂದೊಂದು ದೋಸೆ ತರಿಸಿ, ಬಾಕೀದೂ ಹೇಳ್ತೀನಿ."