ನೆಟ್ಟಗೆ ನಿಂತ್ಕೊ ಮಗ

ಮಂಡ್ಯದ ಮಿಮ್ಸ್ ಆಸ್ಪತ್ರೆ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಮಳವಳ್ಳಿ ಕಡೆಯ ಹೈಸ್ಕೂಲು ಹುಡುಗಿ, ಪಕ್ಕದಲ್ಲಿ ಅವ್ವ. ಹುಡುಗಿಯ ಬಲಹೆಗಲು ತುಸು ಮೇಲೆದ್ದಿದೆ. ಜಡೆ ಬೆನ್ನಿನ ನಡುವೆ ಇಳಿಯದೆ ಪಕ್ಕಕ್ಕೆ ಸರಿದಿದೆ. "ಬ್ಯಾಗು ಹೊತ್ತೂ ಹೊತ್ತೂ ಇಂಗಾಯ್ತು ಕಣಣ್ಣ" ಎಂದರು ಅವ್ವ. ಬ್ಯಾಗಿನ ತಪ್ಪಲ್ಲ. ಹರೆಯದಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವ ಸ್ಕೋಲಿಯೋಸಿಸ್‌ಗೆ ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಯಾರೂ ಬೆರಳಿಟ್ಟು ತೋರಿಸಿಲ್ಲ.

ಒಳಗಿನಿಂದ ಕೂಗು: "ನೆಟ್ಟಗೆ ನಿಂತ್ಕೊ ಮಗ, ಉಸ್ರು ಹಿಡಿ." ಮಲಗಿಸಿ ತೆಗೆದರೆ ಡೊಂಕು ಕಡಿಮೆ ಕಾಣುತ್ತದೆ, ಅದಕ್ಕೇ ನಿಲ್ಲಿಸಿ ತೆಗೆಯುವುದು. ಚಿತ್ರದಲ್ಲಿ ಅತಿ ಹೆಚ್ಚು ವಾಲಿದ ಎರಡು ಮೂಳೆಗಳಿಗೆ ಗೆರೆ ಎಳೆದು ಕೋನ ಅಳೆಯುತ್ತಾರೆ. 10 ಡಿಗ್ರಿ ದಾಟಿದರೆ ಕಾಯಿಲೆ. ಬೆಳೆಯುವ ವಯಸ್ಸಿನಲ್ಲಿ 25ರಿಂದ 40ರವರೆಗೆ ಬೆಲ್ಟು. 50ರ ಆಸುಪಾಸಿಗೆ ಬಂದರೆ ಆಪರೇಷನ್ ಮಾತು. ಈ ಹುಡುಗಿ ಬೆಲ್ಟಿನ ಹಂತ ದಾಟಿ ಬಂದವಳು.

ಸ್ಕ್ರೂ, ರಾಡು ಕೂರಿಸಿ ಮೂಳೆ ನೇರ ಮಾಡುವಾಗ ನರಗಳ ಮೇಲೆ ಗಳಿಗೆಗಳಿಗೆಗೂ ಕಣ್ಣಿಡಬೇಕು. ಹಾಗಾಗಿ ಬೆಂಗಳೂರಿನ ಸಂಜಯ್ ಗಾಂಧಿಯಂಥ ದೊಡ್ಡ ಆಸ್ಪತ್ರೆಯ ದಾರಿ. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ, ಇಲ್ಲವೇ ಮದ್ದೂರಿಗೆ ಬಂದು ರೈಲು ಹತ್ತಬೇಕು. ಅವ್ವನ ಚೀಲದಲ್ಲಿ ಬಿಪಿಎಲ್ ಕಾರ್ಡು ಭದ್ರವಾಗಿದೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು.

ಆಪರೇಷನ್ನಿಗೂ ಮೊದಲು ಎಂಆರ್‌ಐ, ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆ. ರಕ್ತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ. ಹುಡುಗಿ ಬ್ಯಾಗಿನಿಂದ ಮೂರು ಉಂಡೆಗಳ ಪ್ಲಾಸ್ಟಿಕ್ ಸಾಧನ ತೆಗೆದು ಉಸಿರೆಳೆದಳು. ಎರಡು ಉಂಡೆ ಸಲೀಸಾಗಿ ಎದ್ದವು. ಮೂರನೆಯದು ಅಲುಗಾಡಿ ಕೂತಿತು. ಮತ್ತೆ ಎಳೆದಳು. ಆಪರೇಷನ್ ಆದಮೇಲೆ ನೋವಿಗೆ ಹೆದರಿ ಮಕ್ಕಳು ಆಳವಾಗಿ ಉಸಿರೆಳೆಯುವುದಿಲ್ಲ, ಎದೆಯಲ್ಲಿ ಕಫ ಕಟ್ಟುತ್ತದೆ. ಅದಕ್ಕೇ ಈ ತಾಲೀಮು. ಅವ್ವನ ಚಿಂತೆ ಬೇರೆ: "ಮುಂದಕ್ಕೆ ಮದ್ವೆ, ಮಕ್ಳು?" ಎರಡಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಅವರು ನೋಡಬೇಕಾದ ಮೂಲ 30 ತೊಂದರೆಗಳ ಪಟ್ಟಿಯಲ್ಲಿ ಈ ಬೆನ್ನಿನ ಡೊಂಕು ಇಲ್ಲ. ಸೇರಿಸಲು ದೊಡ್ಡ ಖರ್ಚೇನೂ ಬೇಡ, ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನು ನೋಡಿದರೆ ಸಾಕು.

ಅಲ್ಲಿಯವರೆಗೆ ಮನೆಯಲ್ಲೇ ನೋಡಿ. ಹತ್ತು ದಾಟಿದ ಮಗುವಿಗೆ ಅಂಗೈ ಜೋಡಿಸಿಕೊಂಡು, ಮಂಡಿ ಮಡಿಸದೆ ಮುಂದಕ್ಕೆ ಬಾಗಲು ಹೇಳಿ. ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.