ಕಲಹದಿಂದ ಕೆಡುವ ಪ್ರಾಚೀನ ಅವಶೇಷಗಳೂ ಡಿಜಿಟಲ್ ಚಿತ್ರಗ್ರಹಣವೂ

ಕ್ರಿ. ಶ. 1565ನೆಯ ಜನವರಿಯಲ್ಲಿ ಕೃಷ್ಣೆಯ ದಡದಲ್ಲಿ ನಡೆದ ಮಹಾಯುದ್ಧವನ್ನು ತಾಳೀಕೋಟೆಯ ಹೆಸರಿನಿಂದ ಕರೆಯುವವರೂ ಉಂಟು, ರಕ್ಕಸಗಿ-ತಂಗಡಗಿಗಳ ಹೆಸರಿನಿಂದ ಕರೆಯುವವರೂ ಉಂಟು. ಹೆಸರು ಯಾವುದಾದರೂ ಫಲವೊಂದೇ. ರಾಮರಾಯನು ರಣರಂಗದಲ್ಲಿ ಮಡಿದನು. ವಿಜಯನಗರವು ತಿಂಗಳುಗಟ್ಟಲೆ ಕೊಳ್ಳೆಗೊಳಗಾಗಿ ಹಾಳುಬಿದ್ದಿತು. ಅದಕ್ಕೆ ಹಿಂದೆ ಆ ಪಟ್ಟಣವು ಹೇಗಿದ್ದಿತೆಂಬುದನ್ನು ಅಬ್ದುಲ್ ರಜಾಕ್, ಪಾಯಸ್, ನೂನಿಜ್ ಮೊದಲಾದ ಪರದೇಶೀಯರ ಬರಹಗಳಿಂದಲೂ ಶಾಸನ ಕಾವ್ಯಗಳಿಂದಲೂ ಅರಿಯಬೇಕಲ್ಲದೆ ಕಣ್ಣಾರೆ ಕಂಡು ನಿರ್ಣಯಿಸುವ ಸಾಧನವಿಲ್ಲ. ಬರಹವು ಎಷ್ಟೇ ಸೊಗಸಾಗಿದ್ದರೂ ಕಂಬವೊಂದರ ಎತ್ತರವನ್ನಾಗಲಿ, ಗೋಡೆಯ ಮೇಲಿನ ಅಕ್ಷರದ ವಟಿವನ್ನಾಗಲಿ ಅದರಿಂದ ಮರಳಿ ಪಡೆಯಲಾಗದು. ಕಲಹವು ಒಡೆದುದನ್ನು ಕೂಡಿಸಬೇಕಾದರೆ ಒಡೆಯುವುದಕ್ಕೆ ಮೊದಲು ತೆಗೆದ ಅಳತೆಯೂ ಬಿಂಬವೂ ಇರಬೇಕು. ಈ ಕಾರ್ಯಕ್ಕೆ ಇಂದು ಒದಗಿರುವ ಸಾಧನವಾದ ಡಿಜಿಟಲ್ ಚಿತ್ರಗ್ರಹಣದ ಸ್ವರೂಪವೇನು, ಅದರ ಬಲವೆಷ್ಟು, ಮಿತಿಯೆಷ್ಟು ಎಂಬುದು ಶಾಸನ ಸಾಹಿತ್ಯಗಳ ವ್ಯಾಸಂಗದಲ್ಲಿ ತೊಡಗಿದವರು ವಿಚಾರಿಸತಕ್ಕ ವಿಷಯವಾಗಿದೆ.

ಚಿತ್ರದ ಬೆಲೆಯನ್ನು ತಿಳಿಯಲು ಹಂಪೆಯಷ್ಟು ಒಳ್ಳೆಯ ನಿದರ್ಶನ ಕನ್ನಡ ನಾಡಿನಲ್ಲಿ ಮತ್ತೊಂದಿಲ್ಲ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಮೇಣ ಸವರಿದ ದೊಡ್ಡ ಕಾಗದಗಳನ್ನು ಬಳಸಿ ಹಂಪೆಯ ಸುಮಾರು 60 ಛಾಯಾಚಿತ್ರಗಳನ್ನು ತೆಗೆದನು. ಆ ಕಾಗದಗಳು ಇಂಗ್ಲೆಂಡಿನಲ್ಲಿ ಖಾಸಗಿಯವರ ಬಳಿ ಬಹುಕಾಲ ಅಜ್ಞಾತವಾಗಿದ್ದು, 1980ರ ಸುಮಾರಿಗೆ ಬೆಳಕಿಗೆ ಬಂದುವು. ಆಗ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ಹಂಪೆಯ ಅವಶೇಷಗಳ ಅಳತೆಯ ಕಾರ್ಯದಲ್ಲಿ ನಿರತರಾಗಿದ್ದರು. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಚಿತ್ರಗ್ರಾಹಕನು 1983ರಲ್ಲಿ, ಗ್ರೀನ್‌ಲಾ ಎಲ್ಲಿ ನಿಂತಿದ್ದನೋ ಅಲ್ಲಿಯೇ ನಿಂತು, ಅದೇ ನೋಟಗಳನ್ನು ಮತ್ತೆ ಚಿತ್ರಿಸಿದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇಕಾಲು ಶತಮಾನದಲ್ಲಿ ಏನೇನು ಹೋಯಿತೆಂಬುದು ತಾನಾಗಿ ಗೋಚರಿಸುತ್ತದೆ. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ತೇರು ವಾಸ್ತವವಾಗಿ ಗರುಡನ ಗುಡಿಯೆಂಬುದನ್ನು ವಾಚಕರು ಬಲ್ಲರು. ಗ್ರೀನ್‌ಲಾನ ಚಿತ್ರದಲ್ಲಿ ಆ ತೇರಿನ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ ಅಚ್ಚಾಗಿರುವುದೂ ಶಿಖರವಿಲ್ಲದ ತೇರೇ. ಆ ಒಂದು ಕಾಗದವು ಉಳಿಯದೆ ಹೋಗಿದ್ದರೆ, ತೇರು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ನಂಬುವುದು ಸಹಜವಾಗುತ್ತಿದ್ದಿತು. ಮತ್ತೊಂದು ಮಾತು: ಶಿಖರವು ಹೋದುದು 1565ರಲ್ಲಿ ಅಲ್ಲ, ಯುದ್ಧವು ಮುಗಿದು ಮೂರು ಶತಮಾನಗಳಾದ ಮೇಲೆ. ಕಲಹದ ಪೆಟ್ಟನ್ನು ತಡೆದುಕೊಂಡುದು ಆಮೇಲೆ ಹೋಯಿತು.

ಗ್ರೀನ್‌ಲಾ ಒಬ್ಬನೇ ಅಲ್ಲ. 1855ರಲ್ಲಿ ಥಾಮಸ್ ಬಿಗ್ಸ್ ಎಂಬವನು ವಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದನು. ಮೇಜರ್ ಡಿಕ್ಸನ್ ಎಂಬವನು ತೆಗೆದ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳೇ ರೈಸ್ ಸಾಹೇಬನು 1879ರಲ್ಲಿ ಹೊರತಂದ ‘ಮೈಸೂರು ಶಾಸನಗಳು’ ಎಂಬ ಇಂಗ್ಲಿಷ್ ಗ್ರಂಥಕ್ಕೆ ಮೂಲಾಧಾರವಾದುವು. ಕನ್ನಡ ಶಾಸನಾಭ್ಯಾಸವು ಮೊದಲಿನಿಂದಲೂ ಛಾಯಾಚಿತ್ರದ ಕೈಹಿಡಿದೇ ನಡೆದುಬಂದಿದೆ. ಆದುದರಿಂದ ಡಿಜಿಟಲ್ ಚಿತ್ರಗ್ರಹಣವನ್ನು ಹೊರಗಿನಿಂದ ಬಂದ ವಿನೂತನ ವಿದ್ಯೆಯೆಂದು ಸಂದೇಹದಿಂದ ನೋಡುವುದಕ್ಕೆ ಕಾರಣವಿಲ್ಲ.

ಹಳೆಯ ಛಾಯಾಚಿತ್ರಕ್ಕೂ ಇದಕ್ಕೂ ಇರುವ ಭೇದವನ್ನು ಮೊದಲು ಹೇಳಬೇಕು. ಡಿಜಿಟಲ್ ಚಿತ್ರದಲ್ಲಿ ಬಿಂಬವು ಸಣ್ಣ ಸಣ್ಣ ಚೌಕಗಳಾಗಿ ವಿಂಗಡವಾಗಿ, ಪ್ರತಿಯೊಂದು ಚೌಕದ ಬೆಳಕೂ ಬಣ್ಣವೂ ಒಂದೊಂದು ಸಂಖ್ಯೆಯಾಗಿ ದಾಖಲಾಗುತ್ತದೆ. ಸಂಖ್ಯೆಯಾದ ಮೇಲೆ ಅದನ್ನು ಎಷ್ಟು ಸಲ ಪ್ರತಿಮಾಡಿದರೂ ಸವೆತವಿಲ್ಲ. ಗಣಿತಕ್ಕೂ ಅದು ಒಳಪಡುತ್ತದೆ. ಒಂದು ವೀರಗಲ್ಲಿನ ಸುತ್ತಲೂ ಹೆಜ್ಜೆಹೆಜ್ಜೆಗೆ ನಿಂತು, ಒಂದು ಚಿತ್ರದ ಬಹುಭಾಗವು ಮುಂದಿನದರಲ್ಲಿಯೂ ಬರುವಂತೆ ನೂರಾರು ಚಿತ್ರಗಳನ್ನು ತೆಗೆದರೆ, ಗಣಕಯಂತ್ರವು ಅವುಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳನ್ನು ಗುರುತಿಸಿ ಕಲ್ಲಿನ ಉದ್ದ ಅಗಲ ಉಬ್ಬು ತಗ್ಗುಗಳೆಲ್ಲವನ್ನೂ ಲೆಕ್ಕಹಾಕಿ ಮೂರು ಆಯಾಮಗಳ ಪ್ರತಿರೂಪವನ್ನು ಕಟ್ಟುತ್ತದೆ. ಕಲ್ಲಿನ ಪಕ್ಕದಲ್ಲಿ ಒಂದು ಅಳತೆಗೋಲನ್ನು ಇಡುವುದು ಮಾತ್ರ ಅವಶ್ಯ. ಅದಿಲ್ಲದಿದ್ದರೆ ಆಕಾರವು ಸರಿಯಾಗಿದ್ದರೂ ಪ್ರಮಾಣವು ತಿಳಿಯದು. ಲೇಸರ್ ಕಿರಣವನ್ನು ಬಿಟ್ಟು ಅದು ಮರಳುವುದನ್ನು ಅಳೆದು ದೂರವನ್ನು ಗುಣಿಸುವುದು ಮತ್ತೊಂದು ವಿಧಾನ. ದೊಡ್ಡ ಕಟ್ಟಡಗಳಿಗೆ ಇದು ಅನುಕೂಲ.

ಶಾಸನ ಓದುವವರಿಗೆ ಇವೆರಡಕ್ಕಿಂತ ಮಿಗಿಲಾಗಿ ಉಪಯುಕ್ತವಾದುದು ಓರೆಬೆಳಕಿನ ವಿಧಾನ. ಸವೆದ ಅಕ್ಷರವು ನಡುಹಗಲಿನಲ್ಲಿ ಕಾಣದೆ, ಇಳಿಬಿಸಿಲಿನಲ್ಲಿಯೋ ರಾತ್ರಿ ದೀಪವನ್ನು ಓರೆಯಾಗಿ ಹಿಡಿದಾಗಲೋ ಕಾಣಿಸಿಕೊಳ್ಳುವುದು ಊರೂರು ಅಲೆದವರ ಅನುಭವ. ಕ್ಯಾಮೆರವನ್ನು ಅಲುಗದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಹತ್ತಾರು ಸ್ಥಾನಗಳಿಗೆ ಸರಿಸುತ್ತ ಪ್ರತಿಸಲವೂ ಚಿತ್ರ ತೆಗೆದು ಎಲ್ಲವನ್ನೂ ಕೂಡಿಸಿದರೆ, ಓದುವವನು ತನ್ನ ಮೇಜಿನ ಮುಂದೆ ಕುಳಿತೇ ಬೆಳಕನ್ನು ಬೇಕಾದ ದಿಕ್ಕಿಗೆ ತಿರುಗಿಸಿ ನೋಡಬಹುದು. ಈ ಕ್ರಮವು 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮಸಿಯ ಪಡಿಯಚ್ಚಿನಲ್ಲಿ ಕಲ್ಲನ್ನು ತೊಳೆಯಬೇಕು, ಒದ್ದೆ ಕಾಗದವನ್ನು ಅಂಟಿಸಿ ಬಡಿಯಬೇಕು. ಪೊರೆಯೇಳುತ್ತಿರುವ ಕಲ್ಲಿಗೆ ಅದರಿಂದ ಅಪಾಯವುಂಟು. ಇಲ್ಲಿ ಕಲ್ಲನ್ನು ಮುಟ್ಟುವ ಕೆಲಸವೇ ಇಲ್ಲ. ಹೀಗೆಂದು ಪಡಿಯಚ್ಚನ್ನು ತೊರೆಯಬೇಕೆಂದಲ್ಲ.

ಓಲೆಗರಿಗಳ ವಿಷಯದಲ್ಲಿ ಉಡುಪಿಯ ಪಲಿಮಾರು ಮಠದ ಸರ್ವಮೂಲ ಗ್ರಂಥಗಳ ಕಾರ್ಯವು ಗಮನಾರ್ಹವಾದುದು. ಮಧ್ವಾಚಾರ್ಯರ 36 ಕೃತಿಗಳುಳ್ಳ ಆ ಕಟ್ಟಿನಲ್ಲಿ 340 ಗರಿಗಳಿವೆ. ಪ್ರತಿಯೊಂದೂ 26 ಅಂಗುಲ ಉದ್ದ, 2 ಅಂಗುಲ ಅಗಲ. ಕಾಲದೋಷದಿಂದಲೂ ರಕ್ಷಣೆಗೆಂದು ಎಣ್ಣೆ ಸವರಿದ್ದರಿಂದಲೂ ಗರಿಗಳು ಕಪ್ಪುಗೂಡಿ ಅಕ್ಷರಗಳು ಮರೆಯಾಗಿದ್ದುವು. 2006ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರೊ. ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮೊದಲಾದವರು ಕಣ್ಣಿಗೆ ಕಾಣದ ಅವರಕ್ತ ಕಿರಣಗಳನ್ನು ಮಾತ್ರ ಒಳಬಿಡುವ ಗಾಜನ್ನು ಬಳಸಿ ಪ್ರತಿ ಗರಿಯ ಎರಡು ಮಗ್ಗುಲುಗಳನ್ನೂ ಎಂಟು ಹತ್ತು ತುಣುಕುಗಳಾಗಿ ಚಿತ್ರಿಸಿ ಜೋಡಿಸಿದರು. ಕಪ್ಪಾದ ಗರಿಯು ಆ ಕಿರಣದಲ್ಲಿ ತೆಳುವಾಗಿಯೂ ಮಸಿಯು ಗಾಢವಾಗಿಯೂ ತೋರಿದುದರಿಂದ ಅಕ್ಷರಗಳು ಎದ್ದುಬಂದುವು. ಇಲ್ಲಿ ಕೆಡುಕಿಗೆ ಕಾರಣವು ಕಲಹವಲ್ಲ, ಕಾಲ. ಆದರೆ ವಿಧಾನವು ಎರಡಕ್ಕೂ ಒಂದೇ.

ಕಲಹದಿಂದಾಗುವ ನಾಶದ ಲಕ್ಷಣವೇ ಬೇರೆ. ಗೆದ್ದಲು ವರ್ಷಗಟ್ಟಲೆ ತಿನ್ನುತ್ತದೆ. ಬೆಂಕಿಗೆ ಒಂದು ರಾತ್ರಿ ಸಾಕು. 1914ರಲ್ಲಿ ಬೆಲ್ಜಿಯಮ್ಮಿನ ಲೂವೇನ್ ವಿಶ್ವವಿದ್ಯಾಲಯದ ಗ್ರಂಥಾಲಯವೂ 1981ರಲ್ಲಿ ಸುಮಾರು 97,000 ಗ್ರಂಥಗಳಿದ್ದ ಯಾಳ್ಪಾಣದ ಗ್ರಂಥಾಲಯವೂ ಹೀಗೆ ಉರಿದುಹೋದುವು. ನೆರೆಯ ಪುಣೆಯಲ್ಲಿಯೇ 2004ನೆಯ ಜನವರಿ 5ರಂದು ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ಗುಂಪೊಂದು ನುಗ್ಗಿ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಚೆಲ್ಲಾಪಿಲ್ಲಿಮಾಡಿತು. ಒಂದು ಪುಸ್ತಕದ ಮೇಲಿನ ಸಿಟ್ಟು, ಅದಕ್ಕೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಹಸ್ತಪ್ರತಿಗಳ ಮೇಲೆ ತಿರುಗಿತು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸಂಪತ್ತನ್ನು ಕಾಪಾಡುವುದಕ್ಕಾಗಿ 1954ರಲ್ಲಿ ಹೇಗ್ ನಗರದಲ್ಲಿ ಒಪ್ಪಂದವಾಯಿತು; ಭಾರತವು 1958ರಲ್ಲಿ ಅದನ್ನು ಸ್ಥಿರೀಕರಿಸಿತು. ಆದರೆ ಊರಿನ ಬೀದಿಯಲ್ಲಿ ಏಳುವ ಗುಂಪಿಗೆ ಒಪ್ಪಂದವು ತಟ್ಟುವುದಿಲ್ಲ. 2001ರಲ್ಲಿ ಬಾಮಿಯಾನಿನ ಬುದ್ಧವಿಗ್ರಹಗಳನ್ನು ಸಿಡಿಸಿದಾಗ, 1970ರಲ್ಲಿ ರಾಬರ್ಟ್ ಕಾಸ್ಟ್ಕಾ ಎಂಬವನು ಅಳತೆಗಾಗಿ ತೆಗೆದಿದ್ದ ಕೆಲವೇ ಚಿತ್ರಗಳಿಂದ ಜೂರಿಕ್ ನಗರದ ವಿದ್ವಾಂಸರು ದೊಡ್ಡ ವಿಗ್ರಹದ ಆಕಾರವನ್ನು ಗಣಕಯಂತ್ರದಲ್ಲಿ ಮರಳಿ ಕಟ್ಟಿದರು. ಪ್ರವಾಸಿಗಳ ಚಿತ್ರಗಳು ಹೇರಳವಾಗಿದ್ದರೂ ಅವುಗಳಿಂದ ದೊರೆತ ಆಕಾರವು ಅಷ್ಟು ನಿಖರವಾಗಲಿಲ್ಲ.

ಹಂಪೆಯ ವಿಷಯದಲ್ಲಿ ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2010ರ ಸುಮಾರಿಗೆ ಒಂದು ಯೋಜನೆಯನ್ನು ಕೈಕೊಂಡಿತು. ಹುಬ್ಬಳ್ಳಿಯ ಬಿ. ವಿ. ಬಿ. ಎಂಜಿನಿಯರಿಂಗ್ ಕಾಲೇಜೂ ಹಲವು ಐಐಟಿಗಳೂ ಅದರಲ್ಲಿ ಪಾಲ್ಗೊಂಡುವು; ಅದರ ಫಲಿತಾಂಶಗಳು 2017ರಲ್ಲಿ ಇಂಗ್ಲಿಷ್ ಗ್ರಂಥರೂಪವಾಗಿ ಬಂದುವು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುತ್ತಿರುವುದೂ ಇದೇ ದಾರಿಯ ಕೆಲಸ.

ಇಲ್ಲಿ ಒಂದು ತೊಡಕಿದೆ. ಸಾಹಿತ್ಯದ ವಿದ್ವಾಂಸರು ಬಾಯಿಹಾಕಬೇಕಾದುದು ಇಲ್ಲಿಯೇ. ಒಡೆದ ವಸ್ತುವನ್ನು ಇದ್ದಂತೆ ದಾಖಲಿಸುವುದು ಒಂದು ಕೆಲಸ; ಒಡೆಯುವ ಮೊದಲು ಹೇಗಿದ್ದಿತೆಂದು ಕಟ್ಟಿತೋರಿಸುವುದು ಮತ್ತೊಂದು. 1528ರಲ್ಲಿ ಕೃಷ್ಣದೇವರಾಯನು ಪ್ರತಿಷ್ಠೆಮಾಡಿಸಿದ ಹಂಪೆಯ ನರಸಿಂಹವಿಗ್ರಹವನ್ನೇ ತೆಗೆದುಕೊಳ್ಳಬಹುದು. ಜನರು ಅದನ್ನು ಉಗ್ರನರಸಿಂಹನೆನ್ನುವರು. ವಾಸ್ತವವಾಗಿ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯು ಒಡೆದುಹೋಗಿ, ಸ್ವಾಮಿಯ ಬೆನ್ನನ್ನು ಬಳಸಿದ ಆಕೆಯ ಕೈಯೊಂದು ಮಾತ್ರ ಉಳಿದಿದೆ. ಆ ಕೈಯಿಂದ ಲಕ್ಷ್ಮಿಯಿದ್ದಳೆಂಬುದು ಸಿದ್ಧವಾಯಿತು. ಆಕೆಯ ಮುಖಭಾವ, ಒಡವೆ, ಸೀರೆಯ ನೆರಿಗೆಗಳು ಸಿದ್ಧವಾಗಲಿಲ್ಲ. ಗಣಕಯಂತ್ರದಲ್ಲಿ ಲಕ್ಷ್ಮಿಯನ್ನು ಕೂರಿಸುವುದು ಸುಲಭ. ಆದರೆ ನೋಡುವವನಿಗೆ ಅಳೆದುದೂ ಊಹಿಸಿದುದೂ ಒಂದೇ ಕಲ್ಲಿನಂತೆ ತೋರುವುದು. ಪ್ರಾಚೀನ ಕಾವ್ಯವನ್ನು ಸಂಪಾದಿಸುವವನು ಲುಪ್ತವಾದ ಅಕ್ಷರವನ್ನು ತಾನು ತುಂಬಿದರೆ ಅದನ್ನು ಕಂಸದಲ್ಲಿ ಇಡುತ್ತಾನೆ, ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಕಂಸವಿಲ್ಲದೆ ತುಂಬುವುದು ವಂಚನೆಯೆನಿಸುತ್ತದೆ. ಬಿಂಬವನ್ನು ಕಟ್ಟುವವರಿಗೂ ಇದೇ ಕಟ್ಟುಪಾಡು ಇರತಕ್ಕದ್ದು: ಊಹೆಯ ಭಾಗಕ್ಕೆ ಬೇರೆ ಬಣ್ಣ ಕೊಡಬೇಕು; ಮೂಲದ ದಾಖಲೆಯನ್ನು ಬದಲಿಸದೆ ಬೇರೆಯಾಗಿ ಇಟ್ಟಿರಬೇಕು. ಯಾರು ಮೊದಲು ಕಟ್ಟಿದರು, ಯಾರು ಒಡೆದರು ಎಂಬ ವಾದವೇ ಕಲಹಕ್ಕೆ ಕಾರಣವಾಗಿರುವ ಸ್ಥಳದಲ್ಲಂತೂ ಊಹೆಯ ಚಿತ್ರವು ಸಾಕ್ಷಿಯ ವೇಷವನ್ನು ತೊಟ್ಟು ಹೊಸ ಕಲಹಕ್ಕೆ ಕಾರಣವಾಗಬಲ್ಲುದು.

ಮತ್ತೊಂದು ತೊಡಕು ಬಾಳಿಕೆಯದು. ಗ್ರೀನ್‌ಲಾನ ಕಾಗದವು ಯಾರ ಆರೈಕೆಯೂ ಇಲ್ಲದೆ ಶತಮಾನಕ್ಕೂ ಮೀರಿ ಉಳಿಯಿತು. ಸಂಖ್ಯೆಗಳ ಚಿತ್ರಕ್ಕೆ ಆ ತಾಳ್ಮೆಯಿಲ್ಲ. ಅದನ್ನು ಓದುವ ಯಂತ್ರವು ಬಳಕೆ ತಪ್ಪಿದರೆ ಚಿತ್ರವೂ ಹೋದಂತೆ. ಇಂಗ್ಲೆಂಡಿನಲ್ಲಿ 1086ರ ಭೂಮಾಪನ ಗ್ರಂಥದ ಒಂಬೈನೂರನೆಯ ವರ್ಷದ ಸ್ಮರಣೆಗಾಗಿ 1986ರಲ್ಲಿ ಇಡೀ ದೇಶದ ಚಿತ್ರ ವಿವರಣೆಗಳನ್ನು ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. ಹದಿನೈದು ವರ್ಷಗಳು ಕಳೆಯುವುದರೊಳಗೆ ಅವನ್ನು ಓದುವ ಯಂತ್ರಗಳು ದುರ್ಲಭವಾದುವು. ಚರ್ಮದ ಮೇಲೆ ಬರೆದ ಮೂಲಗ್ರಂಥವನ್ನು ಮಾತ್ರ ಎಂದಿನಂತೆ ಓದಬಹುದಾಗಿದ್ದಿತು. ಆದಕಾರಣ ಪ್ರತಿಗಳನ್ನು ದೂರದೂರದ ಮೂರು ನಾಲ್ಕು ಕಡೆಗಳಲ್ಲಿ ಇಡುವುದೂ ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಸಾಗಿಸುವುದೂ ಅನಿವಾರ್ಯ. ಇದು ಹೊಸ ಮಾತೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ಷೋಭೆಯಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ಪರಂಪರೆ. ಒಂದೇ ಭಂಡಾರದಲ್ಲಿ ಇದ್ದುದು ಕೆಡುತ್ತದೆ, ಹತ್ತು ಮನೆಗಳಿಗೆ ಹಂಚಿದುದು ಉಳಿಯುತ್ತದೆ ಎಂಬುದನ್ನು ವಿಜಾಪುರದಲ್ಲಿದ್ದುಕೊಂಡು ಮನೆಮನೆಯ ಓಲೆಗಳನ್ನು ಅರಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರ ಕಾರ್ಯದಿಂದಲೂ ತಿಳಿಯಬಹುದು.

ಹಂಪೆಗೆ ಕಾವಲುಗಾರರಿದ್ದಾರೆ, ಕಾಯಿದೆಯಿದೆ. ಆದರೂ ಅಲ್ಲಿ ಕೆಲವು ಯುವಕರು ಕಂಬವೊಂದನ್ನು ಉರುಳಿಸಿದ ದೃಶ್ಯವು 2019ರಲ್ಲಿ ಎಲ್ಲೆಡೆ ಹರಡಿ, ನ್ಯಾಯಾಲಯದ ಅಪ್ಪಣೆಯಂತೆ ಅವರೇ ಅದನ್ನು ಎತ್ತಿ ನಿಲ್ಲಿಸಬೇಕಾಯಿತು. ಸಾವಳಗಿ, ಜಮಖಂಡಿ, ಮುಧೋಳಗಳ ಸುತ್ತಿನ ಕರಿಯ ನೆಲದ ಊರುಗಳಂತಹ ಕಡೆಗಳಲ್ಲಿ ಹನುಮಂತದೇವರ ಕಟ್ಟೆಗೆ ಒರಗಿಸಿದ ವೀರಗಲ್ಲಿಗೂ ಮಠದ ಅಟ್ಟದ ಮೇಲಿನ ಓಲೆಕಟ್ಟಿಗೂ ಆ ಕಾವಲು ಎಲ್ಲಿಯದು? ನಿಧಿಯಾಸೆಯಿಂದ ಅಗೆಯುವವರು, ಹೊಲದ ಬದುವಿಗಾಗಿ ಜಗಳವಾಡುವವರು, ಗುಡಿಯನ್ನು ಹೊಸದಾಗಿ ಕಟ್ಟಿಸುವ ಉತ್ಸಾಹಿಗಳು ಎಲ್ಲರಿಂದಲೂ ಅವಕ್ಕೆ ಅಪಾಯವುಂಟು. ಇವುಗಳ ಚಿತ್ರಗ್ರಹಣಕ್ಕೆ ದೊಡ್ಡ ಯಂತ್ರಗಳನ್ನು ಕಾಯಬೇಕಾಗಿಲ್ಲ. ಈಗ ಕೈಯಲ್ಲಿ ಹಿಡಿಯುವ ಮೊಬೈಲು ಕ್ಯಾಮೆರವೂ ಒಂದು ಅಳತೆಗೋಲೂ ಇದ್ದರೆ ಪ್ರೌಢಶಾಲೆಯ ಕನ್ನಡ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಒಂದು ಮುಂಜಾನೆಯಲ್ಲಿ ಒಂದು ಕಲ್ಲನ್ನು ಪೂರ್ಣವಾಗಿ ದಾಖಲಿಸಬಹುದು. ಊರು, ಸ್ಥಳ, ದಿನಾಂಕ, ಅಳತೆ, ತೆಗೆದವರ ಹೆಸರು, ಊರಿನವರು ಆ ಕಲ್ಲನ್ನು ಕರೆಯುವ ಹೆಸರು ಇಷ್ಟನ್ನೂ ಚಿತ್ರದೊಡನೆ ಬರೆದಿಡಬೇಕು. ಕಳವಾಗಬಹುದಾದ ವಿಗ್ರಹವಿದ್ದರೆ ಅದರ ಸ್ಥಳವನ್ನು ಎಲ್ಲರಿಗೂ ಕಾಣುವಂತೆ ಸಾರದಿರುವುದೇ ಲೇಸು. ಒಂದು ಪ್ರತಿಯನ್ನು ಊರಿನಲ್ಲಿಯೂ ಬಿಟ್ಟುಬರುವುದು ನ್ಯಾಯ.

ಆ ನೆಲದಲ್ಲಿಯೇ ಚಿತ್ರಕ್ಕೆ ಸಿಕ್ಕದ ಸ್ವತ್ತೂ ಒಂದಿದೆ. 1857ರ ನವೆಂಬರಿನಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಗೆ ಮಣಿಯದ ಹಲಗಲಿಯ ಬೇಡರ ಮೇಲೆ ಇಂಗ್ಲಿಷರ ದಂಡು ಬಿದ್ದು ಊರನ್ನು ಸುಟ್ಟಿತು. ಬೆಂದ ಮನೆಗಳ ಬಿಂಬವು ಯಾರಲ್ಲಿಯೂ ಇಲ್ಲ. ಆ ಸಂಗತಿಯು ಲಾವಣಿಯಾಗಿ ಹಾಡುವವರ ಬಾಯಲ್ಲಿ ಉಳಿಯಿತು. ಮುಂದೆ ಅದನ್ನು ಕೇಳಿ ಬರೆಯಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಹಾಕಿಸಿದವನು, ಕನ್ನಡ ಶಾಸನಗಳನ್ನು ಸಂಪಾದಿಸಿದ ಫ್ಲೀಟ್ ಸಾಹೇಬನೇ. ಕಲ್ಲನ್ನು ದಾಖಲಿಸಲು ಹೋದವರು ಕ್ಯಾಮೆರದ ಜತೆಗೆ ಧ್ವನಿಗ್ರಹಣದ ಗುಂಡಿಯನ್ನೂ ಒತ್ತಿ, ಕಟ್ಟೆಯ ಮೇಲೆ ಕುಳಿತ ಹಿರಿಯರು ಆ ಕಲ್ಲಿನ ಬಗೆಗೆ ಹೇಳುವುದನ್ನು ಅವರ ಮಾತಿನಲ್ಲಿಯೇ ಹಿಡಿದಿಡತಕ್ಕದ್ದು.