ಒಂದು ವಾರ ನಮ್ಮ ಮನೆಗೆ

ನಾವು ಕೂಲಿಗೆ ಹೋಗುತ್ತೇವೆ. ಬೇರೆಯವರ ಮನೆ ಕಟ್ಟುತ್ತೇವೆ. ಬೇರೆಯವರ ಗೋಡೆಗೆ ಸುಣ್ಣ ಬಳಿಯುತ್ತೇವೆ. ನಮ್ಮ ಮನೆ ಮಾತ್ರ ಸೋರುತ್ತಾ ಇರುತ್ತದೆ. "ನಾಳೆ ನೋಡೋಣ" ಅಂತೀವಿ. ಆ ನಾಳೆ ಬರೋದೇ ಇಲ್ಲ.

ಒಂದು ಸಂಸಾರದ ಕಥೆ ಕೇಳಿ. ಗಂಡ ಗಾರೆ ಕೆಲಸದವನು. ಹೆಂಡತಿ ಹೊಲದ ಕೂಲಿಗೆ ಹೋಗುತ್ತಾಳೆ. ಮನೆಯಲ್ಲಿ ಅತ್ತೆ, ಮಗಳು, ಮಗ ಇದ್ದಾರೆ. ಅತ್ತೆಗೆ ಒಲೆ ಹೊಗೆಯಿಂದ ಕೆಮ್ಮು. ಮಳೆ ಬಂದರೆ ಮಗಳ ಪುಸ್ತಕ ನೆನೆಯುತ್ತದೆ.

ಮೇ ತಿಂಗಳು. ಮಳೆಗಾಲ ಹತ್ತಿರ ಬಂತು. ಹೆಂಡತಿ ಹೇಳಿದಳು:

"ರೀ, ಒಂದು ವಾರ ಕೂಲಿಗೆ ಹೋಗೋದು ಬೇಡ. ಎಲ್ಲರೂ ಸೇರಿ ಮನೆ ರಿಪೇರಿ ಮಾಡೋಣ."

"ವಾರದ ಕೂಲಿ ಹೋಗ್ತದಲ್ಲೇ?"

"ಹೋದ ವರ್ಷ ಅತ್ತೇನ ಆಸ್ಪತ್ರೆಗೆ ಸೇರಿಸಿದ್ವಿ. ಆ ಸಾಲ ತೀರಿಸೋಕೆ ಎಷ್ಟು ವಾರದ ಕೂಲಿ ಹೋಯ್ತು?"

ಗಂಡ ಸುಮ್ಮನಾದ. ಹೆಂಡತಿ ಮಗಳ ನೋಟ್ ಬುಕ್ ತೆಗೆದುಕೊಂಡಳು. ತಾನು ಕಲಿತ ಅಕ್ಷರದಲ್ಲಿ ಬರೆದಳು: ಹೆಂಚು. ಒಲೆ. ಬಚ್ಚಲ ನೀರು. ಸುಣ್ಣ. ಪಕ್ಕದಲ್ಲಿ ಖರ್ಚಿನ ಲೆಕ್ಕ ಹಾಕಿದಳು.

ಮೊದಲು ಮಾಡು

ಕೆಲಸಕ್ಕೆ ಒಂದು ಕ್ರಮ ಇರಬೇಕು. ಮೊದಲು ಸುಣ್ಣ ಬಳಿದು ಆಮೇಲೆ ಹೆಂಚು ಕೈಯಾಡಿಸಿದರೆ ಧೂಳೆಲ್ಲ ಗೋಡೆಗೆ ಬೀಳುತ್ತದೆ. ಅದಕ್ಕೇ ಮೇಲಿನ ಕೆಲಸ ಮೊದಲು, ಸುಣ್ಣ ಕೊನೆಗೆ.

ಗಂಡ ಕರೆಂಟಿನ ಮೇನ್ ಸ್ವಿಚ್ ಆರಿಸಿ ಮಾಡು ಹತ್ತಿದ. ಒಡೆದ ಹೆಂಚು ತೆಗೆದ. ಕಸ ಗುಡಿಸಿದ. ಹೆಂಚಿನ ಸಂದಿಯಲ್ಲಿ ಕಸ ನಿಂತರೆ ನೀರು ಹರಿಯದೆ ಒಳಗೆ ಇಳಿಯುತ್ತದೆ. ಮಗಳು ಓದುವ ಜಾಗದ ಮೇಲೆ ಒಂದು ಗಾಜಿನ ಹೆಂಚು ಹಾಕಿದ. ಹಗಲು ದೀಪ ಬೇಕಾಗಲಿಲ್ಲ.

ಹೊಗೆ ಹೊರಗೆ ಹೋಗಲಿ

ಈಗ ಬಹಳ ಮನೆಗೆ ಗ್ಯಾಸ್ ಬಂದಿದೆ. ಆದರೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಉರಿಸೋರು ಇದ್ದಾರೆ. ಸೌದೆ ಹೊಗೆ ಕಣ್ಣಿಗೂ ಕೆಟ್ಟದ್ದು, ಎದೆಗೂ ಕೆಟ್ಟದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಕೆಲಸ. ಅಲ್ಲಿ ರೂಪಿಸಿದ್ದೇ ಅಸ್ತ್ರ ಒಲೆ. ಇದರಲ್ಲಿ ಒಂದೇ ಬೆಂಕಿಗೆ ಮೂರು ಪಾತ್ರೆ ಇಡಬಹುದು. ಸೌದೆ ಕಂಬಿ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ. ಸೌದೆ ಚೆನ್ನಾಗಿ ಉರಿಯುತ್ತದೆ. ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ ಹೋಗುತ್ತದೆ. ಸೌದೆಯೂ ಉಳಿಯುತ್ತದೆ.

ಅತ್ತೆ ಮೊದಲು ಒಪ್ಪಲಿಲ್ಲ. "ನನ್ನ ಮುದ್ದೆ ಪಾತ್ರೆ ಇದರಲ್ಲಿ ಕೂರ್ತದೇನೋ?" ಅಂದರು. ಒಳ್ಳೆಯ ಪ್ರಶ್ನೆ! ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಸಂದಿಯಲ್ಲಿ ಹೊಗೆ ಬರುತ್ತದೆ. ಅತ್ತೆಯ ಪಾತ್ರೆ ಇಟ್ಟೇ ಅಳತೆ ತೆಗೆದರು. ಒಲೆ ಕಟ್ಟಿ ಗೊತ್ತಿದ್ದವರನ್ನು ಕರೆಸಿದರು. ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಅದನ್ನು ಆಗಾಗ ತೆಗೀತಾ ಇರಬೇಕು.

ಬಚ್ಚಲ ನೀರಿಗೆ ಇಂಗುಗುಂಡಿ

ಬಚ್ಚಲ ನೀರು ಬೀದಿಯಲ್ಲಿ ನಿಂತಿತ್ತು. ಇಂಥ ಕೊಳಕು ನೀರಲ್ಲಿ ಆನೆಕಾಲು ರೋಗ ಹರಡುವ ಸೊಳ್ಳೆ ಹುಟ್ಟುತ್ತದೆ. ಅಪ್ಪ, ಮಗ ಸೇರಿ ಗುಂಡಿ ತೋಡಿದರು. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ಜಲ್ಲಿ ತುಂಬಿದರು. ನೀರು ಬೀಳುವ ಕಡೆ ತಳ ತೂತಾದ ಮಡಕೆ ಇಟ್ಟು ಹುಲ್ಲು ತುಂಬಿದರು. ಕಸ ಅಲ್ಲೇ ನಿಲ್ಲುತ್ತದೆ. ಹುಲ್ಲು ಆಗಾಗ ಬದಲಿಸಬೇಕು.

ನೆನಪಿಡಿ: ಗುಂಡಿ ಬಾವಿಯಿಂದ ಐವತ್ತು ಅಡಿಯಾದರೂ ದೂರ ಇರಲಿ. ಕಕ್ಕಸಿನ ನೀರು ಇದಕ್ಕೆ ಬಿಡಬೇಡಿ.

ಸುಣ್ಣ: ಜೋಪಾನ!

ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕರಗೀತು. ಮೊದಲು ನೀರು ತುಂಬಿ. ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕೂಡಲೇ ತುಂಬಾ ಹೊತ್ತು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

ರಾತ್ರಿಯೆಲ್ಲ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿದರು. ಗೋಡೆಗೆ ನೀರು ಚಿಮುಕಿಸಿದರು. ತೆಳ್ಳಗೆ ಒಂದು ಸಲ ಬಳಿದರು. ಒಣಗಿದ ಮೇಲೆ ಇನ್ನೊಂದು ಸಲ ಬಳಿದರು.

ವಾರ ಮುಗಿಯಿತು

ಆ ವಾರ ಕೆಲಸ ಎಲ್ಲರದ್ದೂ. ಹೆಂಡತಿ ಸುಣ್ಣ ಬಳಿಯುವಾಗ ಗಂಡ ನೀರು ತಂದ, ಪಾತ್ರೆ ತೊಳೆದ. "ಇದನ್ನ ದಿನಾ ಮಾಡ್ತೀಯಾ?" ಅಂದ. ಅವಳು ನಕ್ಕಳು.

ಜೂನ್‌ನಲ್ಲಿ ಮಳೆ ಬಂತು. ಮನೆ ಸೋರಲಿಲ್ಲ. ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ. ಆದರೆ ಒಲೆ ಮುಂದೆ ಕೂತರೆ ಈಗ ಕಣ್ಣಲ್ಲಿ ನೀರು ಬರೋದಿಲ್ಲ.

ವಾರದ ಕೂಲಿ ಹೋಯಿತು, ನಿಜ. ನೋಟ್ ಬುಕ್ಕಿನಲ್ಲಿ ಆ ಲೆಕ್ಕವೂ ಇದೆ. ಅದರ ಕೆಳಗೆ ಹೆಂಡತಿ ಬರೆದಿದ್ದಾಳೆ: "ಈ ವರ್ಷ ಆಸ್ಪತ್ರೆ ಸಾಲ ಇಲ್ಲ."

ನಿಮ್ಮ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಯಾವುದು? ಮನೆಯವರೆಲ್ಲ ಕೂತು ಮಾತಾಡಿ. ಒಂದು ಹಾಳೆಯಲ್ಲಿ ಬರೆಯಿರಿ.